ತಣ್ಣನೆ ಅನಿಲದ ಲೆಕ್ಕ ತಪ್ಪಿದಾಗ: ಗ್ಯಾಲಕ್ಸಿ ಹೇಲೋ ಸಿಮ್ಯುಲೇಶನ್‌ನಲ್ಲಿ ದೋಷ ಹುಡುಕುವ ಬಗೆ

ರನ್ ಮುಗಿದಿದೆ. ಎರರ್ ಏನೂ ಇಲ್ಲ. ಬಣ್ಣದ ಚಿತ್ರವೂ ಚೆನ್ನಾಗಿಯೇ ಬಂದಿದೆ. ಆದರೆ ತಣ್ಣನೆ ಅನಿಲ ಒಂದೋ ಪೂರ್ತಿ ಮಾಯ, ಇಲ್ಲವೇ ಬಾಕ್ಸ್ (ಕಂಪ್ಯೂಟರ್ ಲೆಕ್ಕ ಹಾಕುವ ಜಾಗ) ತುಂಬಾ ಅದೇ. ಹಾಸನ, ಚಿಕ್ಕಮಗಳೂರು ಕಡೆಯ ಎಂ.ಎಸ್ಸಿ ಹುಡುಗರು ಪ್ರಾಜೆಕ್ಟ್ ಹೊತ್ತಿನಲ್ಲಿ ನನ್ನ ಹತ್ತಿರ ತರುವ ತೊಂದರೆಗಳಲ್ಲಿ ಇದೇ ಜಾಸ್ತಿ. ಕೇಳುವುದೂ ಒಂದೇ ಪ್ರಶ್ನೆ: "ಸಾರ್, ಇದು ಫಿಸಿಕ್ಸಾ, ಬಗ್ಗಾ?"

ತಣ್ಣನೆ ಅನಿಲ ಎಷ್ಟಿದೆ ಎಂಬ ಒಂದೇ ಸಂಖ್ಯೆ ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಆ ಅನಿಲ ಯಾವ ದಾರಿಯಲ್ಲಿ ಬಂತು, ಯಾವ ದಾರಿಯಲ್ಲಿ ಹೋಯಿತು ಅಂತ ಹಿಡಿಯಬೇಕು. ಬಿಸಿ ಅನಿಲ ತಣಿದು ಬಂದಿರಬಹುದು. ಫ್ಲೋರ್ ಸೆಟ್ಟಿಂಗ್‌ನಿಂದ, ಅಂದರೆ ಕೋಡ್ ತಾನೇ ಹಾಕುವ ಕನಿಷ್ಠ ಬೆಲೆಯಿಂದ, ಸುಮ್ನೆ ಹುಟ್ಟಿಕೊಂಡಿರಬಹುದು. ಬೆರೆತು ಬಿಸಿಯಾಗಿ ಹೋಗಿರಬಹುದು, ಅಥವಾ ಸೆಲ್ (ಬಾಕ್ಸನ್ನು ಹಂಚಿದ ಸಣ್ಣ ಸಣ್ಣ ಮನೆ) ತೀರಾ ದಪ್ಪವಾಗಿದ್ದರಿಂದ ಕರಗಿರಬಹುದು. ಪ್ರತಿ ದಾರಿಗೂ ಒಂದೊಂದು ಗುರುತು ಇದೆ.

ಹೊಸಬರಿಗಾಗಿ ಎರಡು ಮಾತು. ನಮ್ಮ ಕ್ಷೀರಪಥದ ನಕ್ಷತ್ರಗಳ ತಟ್ಟೆಯ ಸುತ್ತ 200 ಕಿಲೋಪಾರ್ಸೆಕ್ ದೂರದವರೆಗೂ ತೆಳ್ಳನೆ ಅನಿಲ ಹರಡಿಕೊಂಡಿದೆ, ಇದನ್ನೇ ಇಲ್ಲಿ ಹೇಲೋ ಅನ್ನುವುದು. ಒಂದು ಕಿಲೋಪಾರ್ಸೆಕ್ ಅಂದರೆ ಸುಮಾರು 3,260 ಜ್ಯೋತಿರ್ವರ್ಷ. ಆ ಅನಿಲದಲ್ಲಿ 10 ಲಕ್ಷ ಕೆಲ್ವಿನ್ ದಾಟಿದ ಬಿಸಿ ಭಾಗವೂ ಇದೆ, 10 ಸಾವಿರ ಕೆಲ್ವಿನ್ ಆಸುಪಾಸಿನ ಭಾಗವೂ ಇದೆ. ಈ ಎರಡನೆಯದನ್ನೇ ನಾವು ತಣ್ಣನೆ ಅನಿಲ ಅನ್ನುವುದು. ಇಂಥ ಬಿಸಿ ಹೊದಿಕೆ ಇರಬೇಕು ಅಂತ ಲೈಮನ್ ಸ್ಪಿಟ್ಜರ್ 1956ರಲ್ಲೇ ವಾದಿಸಿದ್ದರು. 2009ರಲ್ಲಿ ಹಬಲ್ ದೂರದರ್ಶಕಕ್ಕೆ ಕೂರಿಸಿದ ಕಾಸ್ಮಿಕ್ ಒರಿಜಿನ್ಸ್ ಸ್ಪೆಕ್ಟ್ರೋಗ್ರಾಫ್, ಹಿಂದೆ ಬಹು ದೂರದಲ್ಲಿ ಉರಿಯುವ ಕ್ವೇಸಾರ್‌ಗಳ (ತುಂಬಾ ಪ್ರಕಾಶದ ಗ್ಯಾಲಕ್ಸಿ ನಡುಭಾಗಗಳ) ಬೆಳಕಿನಲ್ಲಿ ತಣ್ಣನೆ ಅನಿಲದ ಗುರುತನ್ನು ಎಷ್ಟೋ ಗ್ಯಾಲಕ್ಸಿಗಳ ಸುತ್ತ ತೋರಿಸಿಕೊಟ್ಟಿತು. ಅಷ್ಟು ಬಿಸಿಯ ನಡುವೆ, ಅಷ್ಟು ಕಲಕಾಟದಲ್ಲಿ ತಣ್ಣನೆಯದು ಹೇಗೆ ಉಳಿಯುತ್ತದೆ? ಅದಕ್ಕೇ ಈ ಸಿಮ್ಯುಲೇಶನ್. ಅಥೀನಾ++, ಪ್ಲೂಟೋ, ಫ್ಲ್ಯಾಶ್, ಯಾವ ಕೋಡ್ ಆದರೂ ಸರಿ, ಮುಂದಿನ ಮಾತುಗಳು ಅನ್ವಯಿಸುತ್ತವೆ.

ಕೋಡ್ ಮುಟ್ಟುವ ಮೊದಲು ಪೆನ್ನು, ಹಾಳೆ

ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಇಲ್ಲೇ ಬಗೆಹರಿಯುತ್ತವೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಿಸಿ ಅನಿಲದ ಉಷ್ಣತೆ 10 ಲಕ್ಷ ಕೆಲ್ವಿನ್, ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 0.001 ಕಣ, ಲೋಹಾಂಶ (ಹೀಲಿಯಂಗಿಂತ ಭಾರದ ಧಾತುಗಳ ಪಾಲು) ಸೂರ್ಯನಷ್ಟೇ ಅಂತಿಟ್ಟುಕೊಳ್ಳಿ. ಇದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 150 ಕಿಲೋಮೀಟರ್. ಇದು ತಾನಾಗಿ ತಣಿಯಲು ಹಿಡಿಯುವ ಕಾಲ 25ರಿಂದ 30 ಕೋಟಿ ವರ್ಷ. ಈಗ ಇದೇ ಒತ್ತಡದಲ್ಲಿ 10 ಸಾವಿರ ಕೆಲ್ವಿನ್‌ನ ಮೋಡ ಇದೆ ಅನ್ನಿ. ಒತ್ತಡ ಒಂದೇ ಆದ್ದರಿಂದ ಅದರ ಸಾಂದ್ರತೆ 100 ಪಟ್ಟು, ಅಂದರೆ 0.1. ಇವೆರಡೂ ಬೆರೆತರೆ ನಡುವಿನ ಉಷ್ಣತೆ ಎಷ್ಟು? ಎರಡರ ಗುಣಲಬ್ಧದ ವರ್ಗಮೂಲ ತೆಗೆಯಿರಿ, 1 ಲಕ್ಷ ಕೆಲ್ವಿನ್ ಬರುತ್ತದೆ. ಅಲ್ಲಿ ಸಾಂದ್ರತೆ ಬಿಸಿ ಅನಿಲದ 10 ಪಟ್ಟು. ಕೂಲಿಂಗ್ ಸಾಂದ್ರತೆಯ ವರ್ಗದಂತೆ ಏರುತ್ತದೆ, ಅದರಿಂದಲೇ 100 ಪಟ್ಟು. ಸಾಲದ್ದಕ್ಕೆ ಕೂಲಿಂಗ್ ಕರ್ವ್‌ನ (ಯಾವ ಉಷ್ಣತೆಯಲ್ಲಿ ಎಷ್ಟು ಕೂಲಿಂಗ್ ಅಂತ ತೋರಿಸುವ ಗೆರೆಯ) ಏರು ಇರುವುದೂ 1 ಲಕ್ಷ ಕೆಲ್ವಿನ್‌ನ ಹತ್ತಿರವೇ, ಅದರಿಂದ ಇನ್ನೊಂದು 5 ಪಟ್ಟು. ಹೀಗೆ ಬೆರೆತ ಅನಿಲ ಬಿಸಿ ಅನಿಲಕ್ಕಿಂತ ಸುಮಾರು 500 ಪಟ್ಟು ಬೇಗ, ಅಂದರೆ 5–6 ಲಕ್ಷ ವರ್ಷದಲ್ಲಿ ತಣಿದುಬಿಡುತ್ತದೆ. ಇಡೀ ಆಟ ಇರುವುದು ಈ ಬೆರೆತ ಪದರದಲ್ಲಿ. ಬಿಸಿ ಅನಿಲದ್ದೊಂದೇ ಕೂಲಿಂಗ್ ಕಾಲ ಬರೆದುಕೊಂಡು ಕೂತರೆ ಏನೂ ಅರ್ಥವಾಗುವುದಿಲ್ಲ.

ಇನ್ನು ಮೋಡ ಚೂರಾಗುವ ಕಾಲ. ಗಾಳಿ (ಹರಿಯುವ ಬಿಸಿ ಅನಿಲ) ಮೋಡಕ್ಕೆ ಬಡಿದಾಗ ಅದು ಒಡೆಯಲು ಬೇಕಾಗುವ ಕಾಲ ಅಂದರೆ ಸಾಂದ್ರತೆಗಳ ಅನುಪಾತದ ವರ್ಗಮೂಲ, ಅದಕ್ಕೆ ಮೋಡದ ತ್ರಿಜ್ಯವನ್ನು ಗುಣಿಸಿ, ಗಾಳಿಯ ವೇಗದಿಂದ ಭಾಗಿಸಬೇಕು. 1994ರಲ್ಲಿ ಕ್ಲೈನ್, ಮೆಕ್‌ಕೀ, ಕೊಲೆಲ್ಲಾ ಇದನ್ನು ವಿವರವಾಗಿ ಕೆಲಸ ಮಾಡಿದ್ದಾರೆ. 100 ಪಾರ್ಸೆಕ್ ತ್ರಿಜ್ಯದ ಮೋಡ, ಸೆಕೆಂಡಿಗೆ 150 ಕಿಲೋಮೀಟರ್ ಗಾಳಿ: 65 ಲಕ್ಷ ವರ್ಷ. 5 ಪಾರ್ಸೆಕ್ ಮೋಡ: 3 ಲಕ್ಷ ಚಿಲ್ಲರೆ ವರ್ಷ.

ಎರಡನ್ನೂ ಪಕ್ಕಪಕ್ಕ ಇಡಿ. 100 ಪಾರ್ಸೆಕ್ ಮೋಡ ಒಡೆಯುವಷ್ಟರಲ್ಲಿ ಬೆರೆತ ಅನಿಲ ಹತ್ತು ಸಲ ತಣಿದಿರುತ್ತದೆ, ಹಾಗಾಗಿ ಅದು ಉಳಿಯಬೇಕು, ಬೆಳೆಯಲೂಬೇಕು. 5 ಪಾರ್ಸೆಕ್ ಮೋಡದ ಬೆರೆತ ಪದರ ತಣಿಯುವ ಮೊದಲೇ ಮೋಡ ಹರಿದುಹೋಗಿರುತ್ತದೆ. ಮುಳ್ಳಯ್ಯನಗಿರಿ ಮೇಲೆ ಗಾಳಿ ಬೀಸುವಾಗ ಮಂಜಿನ ಸಣ್ಣ ತುಣುಕುಗಳು ಕಣ್ಣೆದುರೇ ಆರಿಹೋಗಿ, ದೊಡ್ಡ ರಾಶಿ ಮಾತ್ರ ಇನ್ನಷ್ಟು ಮಂಜು ಸೇರಿಸಿಕೊಂಡು ದಟ್ಟವಾಗುವುದನ್ನು ನೋಡಿದ್ದೀರಲ್ವಾ, ಸುಮಾರಾಗಿ ಅದೇ ರೀತಿ. ಈ ಉಳಿಯುವ ಷರತ್ತನ್ನು 2018ರಲ್ಲಿ ಗ್ರಾಂಕೆ ಮತ್ತು ಓ ಸ್ಪಷ್ಟವಾಗಿ ಹೇಳಿದರು.

ಈಗ ದೋಷದ ಮಾತು. ನಿಮ್ಮ 5 ಪಾರ್ಸೆಕ್ ಮೋಡ ಮಾಯವಾಗಿದ್ದರೆ ಕೋಡ್ ಸರಿಯಾಗಿಯೇ ಇದೆ, ಅದರ ಮೇಲೆ ಒಂದು ಗಂಟೆಯನ್ನೂ ಹಾಳು ಮಾಡಬೇಡಿ. 100 ಪಾರ್ಸೆಕ್ ಮೋಡ ಮಾಯವಾಗಿದ್ದರೆ ಮಾತ್ರ ಮುಂದೆ ಓದಿ.

ಉಳಿಯಬೇಕಾದ ಮೋಡ ಕರಗಿದರೆ

ಮೊದಲು ಸೆಲ್ ಎಷ್ಟು ದೊಡ್ಡದು ನೋಡಿ. 10 ಕಿಲೋಪಾರ್ಸೆಕ್ ಬಾಕ್ಸು, ಪ್ರತಿ ಬದಿಗೆ 128 ಸೆಲ್ ಇಟ್ಟರೆ ಒಂದು ಸೆಲ್ 78 ಪಾರ್ಸೆಕ್ ಆಗುತ್ತದೆ. ಅದರಲ್ಲಿ 100 ಪಾರ್ಸೆಕ್ ತ್ರಿಜ್ಯದ ಮೋಡ ಅಂದರೆ ಒಂದು ಸೆಲ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗ್ರಿಡ್ ತನ್ನಿಂದ ತಾನೇ ಅದನ್ನು ಬೆರೆಸಿ ಹಾಕುತ್ತದೆ. ತ್ರಿಜ್ಯಕ್ಕೆ ಕನಿಷ್ಠ 8 ಸೆಲ್ ಬೇಕು. ಅಂದರೆ ಸೆಲ್ 12.5 ಪಾರ್ಸೆಕ್, ಅದೇ 128ರಲ್ಲಿ ಬಾಕ್ಸ್ 1.6 ಕಿಲೋಪಾರ್ಸೆಕ್‌ಗೆ ಇಳಿಯುತ್ತದೆ. "ಚಿಕ್ಕ ಬಾಕ್ಸ್ ಆಯ್ತಲ್ಲ ಸಾರ್" ಅನ್ನುತ್ತಾರೆ. ಆಗಲಿ ಬಿಡಿ. ದೊಡ್ಡ ಬಾಕ್ಸಿನಲ್ಲಿ ಮೋಡವೇ ಕಾಣದ ರನ್‌ಗಿಂತ ಇದು ಸಾವಿರ ಪಾಲು ಮೇಲು. ಬೇಕಿದ್ದರೆ ಗಾಳಿಯ ದಿಕ್ಕಿಗೆ ಮಾತ್ರ ಬಾಕ್ಸನ್ನು ಉದ್ದ ಮಾಡಿ.

ಸೆಲ್ ಸರಿ ಇದೆ, ಆದರೂ ಕರಗುತ್ತಿದೆ ಅಂದರೆ ಕೂಲಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಅಂತ ಅನುಮಾನಿಸಿ. ಇದಕ್ಕೆ ನಾನು ತುಂಬಾ ನಂಬುವ ಪರೀಕ್ಷೆ ಒಂದಿದೆ. ಗಾಳಿ ಬೇಡ, ಮೋಡ ಬೇಡ, ಟರ್ಬ್ಯುಲೆನ್ಸ್ (ಸುಳಿಗಳ ಕಲಕಾಟ) ಬೇಡ. ಇಡೀ ಬಾಕ್ಸಿಗೆ ಒಂದೇ ಸಾಂದ್ರತೆ, ಒಂದೇ ಉಷ್ಣತೆ ಕೊಟ್ಟು ಸುಮ್ನೆ ತಣಿಯಲು ಬಿಡಿ. ಉಷ್ಣತೆ ಕಾಲದೊಂದಿಗೆ ಹೇಗೆ ಇಳಿಯಿತು ಅಂತ ಗೆರೆ ಎಳೆದು, ಕೈಲೆಕ್ಕದ ಜೊತೆ ಹೋಲಿಸಿ. ನಾಲ್ಕು ಸೆಲ್ ಇದ್ದರೂ ಸಾಕು, ಲ್ಯಾಪ್‌ಟಾಪಿನಲ್ಲೇ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ವ್ಯತ್ಯಾಸ ಬಂದರೆ ಅದರ ಗಾತ್ರವೇ ಕಳ್ಳನನ್ನು ತೋರಿಸಿಕೊಡುತ್ತದೆ. ಕೂಲಿಂಗ್ ನಾಲ್ಕು ಪಟ್ಟಿನಷ್ಟು ಜಾಸ್ತಿ ಆಗಿದ್ದರೆ, ಎಲೆಕ್ಟ್ರಾನ್ ಮತ್ತು ಹೈಡ್ರೋಜನ್ ಸಾಂದ್ರತೆಗಳನ್ನು ಗುಣಿಸಬೇಕಾದ ಕಡೆ ಒಟ್ಟು ಕಣಗಳ ಸಾಂದ್ರತೆಯ ವರ್ಗ ಹಾಕಿದ್ದೀರಿ. ಉಷ್ಣತೆಯೇ 1.6 ಪಟ್ಟಿನಷ್ಟು ಆಚೀಚೆ ಇದ್ದರೆ ಸರಾಸರಿ ಕಣತೂಕವನ್ನು 0.6 ಬದಲು 1 ಅಂತ ಬಿಟ್ಟಿದ್ದೀರಿ. ತಪ್ಪು ಹತ್ತಾರು ಘಾತಗಳಷ್ಟಿದ್ದರೆ ಯೂನಿಟ್ ತಪ್ಪಿದೆ ಅಂತಲೇ ಅರ್ಥ. ಉದ್ದ ಕಿಲೋಪಾರ್ಸೆಕ್, ವೇಗ ಸೆಕೆಂಡಿಗೆ ಕಿಲೋಮೀಟರ್ ಅಂತ ಆರಿಸಿದರೆ ಕಾಲದ ಯೂನಿಟ್ ತಾನಾಗಿ 97.8 ಕೋಟಿ ವರ್ಷ ಆಗುತ್ತದೆ, ಅದನ್ನು ಇನ್‌ಪುಟ್ ಫೈಲಿನ ಮೇಲೆಯೇ ಕಾಮೆಂಟ್ ಆಗಿ ಬರೆದಿಡಿ. ಕೂಲಿಂಗ್ ಟೇಬಲ್‌ನಲ್ಲಿ ಲಾಗ್ ಬೆಲೆಗಳಿದ್ದರೆ ಅದು ಹತ್ತರ ಲಾಗೋ ಸ್ವಾಭಾವಿಕ ಲಾಗೋ ಅಂತಲೂ ಒಮ್ಮೆ ನೋಡಿ.

ಕೂಲಿಂಗ್ ಲೆಕ್ಕ ಹಾಕುವ ವಿಧಾನ ನಿಮ್ಮ ಕೈಯಲ್ಲಿದ್ದರೆ 2009ರಲ್ಲಿ ಟೌನ್‌ಸೆಂಡ್ ಕೊಟ್ಟ ಎಕ್ಸಾಕ್ಟ್ ಇಂಟಿಗ್ರೇಶನ್ ಬಳಸಿ. ಕರ್ವ್ ಅನ್ನು ತುಂಡು ತುಂಡು ಮಾಡಿ ಪ್ರತಿ ತುಂಡನ್ನೂ ಸೂತ್ರದಿಂದಲೇ ಬಿಡಿಸುವುದರಿಂದ ಉಷ್ಣತೆ ನೆಗೆಟಿವ್ ಆಗುವ ಭಯವೇ ಇರುವುದಿಲ್ಲ.

ತಣ್ಣನೆ ಅನಿಲ ಬಾಕ್ಸ್ ತುಂಬಾ ತುಂಬಿದರೆ

ಮೊದಲು ರನ್ ಎಷ್ಟು ಕಾಲದ್ದು ನೋಡಿ. 100 ಕೋಟಿ ವರ್ಷ ಓಡಿಸಿ, ಹೀಟಿಂಗ್ ಏನೂ ಕೊಡದಿದ್ದರೆ, 30 ಕೋಟಿಯಲ್ಲಿ ತಣಿಯುವ ಅನಿಲ ಪೂರ್ತಿ ತಣಿಯದೆ ಇನ್ನೇನಾಗುತ್ತದೆ? ನಿಜವಾದ ಹೇಲೋಗಳಲ್ಲಿ ಸೂಪರ್‌ನೋವಾಗಳು, ಕಪ್ಪುಕುಳಿಯ ಜೆಟ್‌ಗಳು ಬಿಸಿ ತುಂಬುತ್ತಿರುತ್ತವೆ. ಬಾಕ್ಸಿನಲ್ಲಿ ಅದನ್ನು ನಾವೇ ಕೊಡಬೇಕು.

ಟರ್ಬ್ಯುಲೆನ್ಸ್ ಡ್ರೈವ್ ಮಾಡುತ್ತಿದ್ದರೆ, ಅಂದರೆ ಬಲ ಕೊಟ್ಟು ಅನಿಲವನ್ನು ಕಲಕುತ್ತಿದ್ದರೆ, ಅದೂ ಅನಿಲವನ್ನು ಬಿಸಿ ಮಾಡುತ್ತದೆ ಎಂಬುದನ್ನು ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೊಡ್ಡ ಸುಳಿ ಸಣ್ಣ ಸುಳಿಯಾಗಿ, ಕೊನೆಗೆ ಶಾಖವಾಗುತ್ತದೆ. ಒಂದು ಗ್ರಾಮ್ ಅನಿಲಕ್ಕೆ ಇದರ ದರ ಸುಮಾರಾಗಿ ವೇಗದ ಘನ ಭಾಗಿಸು ಸುಳಿಯ ಉದ್ದ. 5 ಕಿಲೋಪಾರ್ಸೆಕ್ ಅಳತೆಯಲ್ಲಿ ಸೆಕೆಂಡಿಗೆ 75 ಕಿಲೋಮೀಟರ್ ವೇಗದಲ್ಲಿ ಕಲಕಿದರೆ, ಮೇಲೆ ಹೇಳಿದ ಬಿಸಿ ಅನಿಲದ ಕೂಲಿಂಗ್‌ಗೆ ಈ ಶಾಖ ಹೆಚ್ಚುಕಡಿಮೆ ಸಮ ಬರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದಿರೋ, ಶಾಖ 8ರಲ್ಲಿ 1 ಪಾಲು. ಮಾಕ್ ಸಂಖ್ಯೆಯನ್ನು (ಅನಿಲದ ವೇಗ ಶಬ್ದದ ವೇಗದ ಎಷ್ಟು ಪಟ್ಟು ಅನ್ನುವುದನ್ನು) "ಸ್ವಲ್ಪ" ಬದಲಿಸಿದೆ, ಫಲಿತಾಂಶ ತಲೆಕೆಳಗಾಯಿತು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಈ ಘನದ ಲೆಕ್ಕವನ್ನೇ.

ಹೀಟಿಂಗನ್ನು ಬೇರೆಯಾಗಿ ಕೊಡುತ್ತಿದ್ದರೆ ಅದು ಗಾತ್ರಕ್ಕೆ ತಕ್ಕಂತೆಯೋ ದ್ರವ್ಯರಾಶಿಗೆ ತಕ್ಕಂತೆಯೋ ನೋಡಿಕೊಳ್ಳಿ. ಪ್ರತಿ ಹೆಜ್ಜೆಯಲ್ಲೂ ಒಟ್ಟು ಕೂಲಿಂಗ್‌ಗೆ ಸಮನಾದ ಶಾಖವನ್ನು ಎಲ್ಲ ಸೆಲ್‌ಗಳಿಗೂ ಹಂಚುವುದು ರೂಢಿಯಲ್ಲಿರುವ ವಿಧಾನ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪ್ರತೀಕ್ ಶರ್ಮ, ಮತ್ತು ಮೆಕ್‌ಕೋರ್ಟ್, ಕ್ವಾಟಾರ್ಟ್, ಪ್ಯಾರಿಶ್ ಸೇರಿ 2012ರಲ್ಲಿ ಮಾಡಿದ ಕೆಲಸ ಇದಕ್ಕೆ ಒಳ್ಳೆಯ ಮಾದರಿ. ಅವರು ಗುರುತ್ವ ಇರುವ ಅನಿಲದಲ್ಲಿ ಒಂದೊಂದು ಎತ್ತರದಲ್ಲೂ ಸರಾಸರಿ ಕೂಲಿಂಗ್‌ಗೆ ಸಮನಾಗಿ ಶಾಖ ಕೊಟ್ಟು, ಕೂಲಿಂಗ್ ಕಾಲ ಮತ್ತು ಕೆಳಗೆ ಬೀಳುವ ಕಾಲ ಇವೆರಡರ ಅನುಪಾತ ಸಣ್ಣದಾದಾಗ ತಣ್ಣನೆ ಅನಿಲ ತಾನಾಗಿ ಕಟ್ಟಿಕೊಳ್ಳುವುದನ್ನು ತೋರಿಸಿದರು. ಆ ವರ್ಷವೇ ಅದೇ ಗುಂಪಿನ ಮತ್ತೊಂದು ಕೆಲಸದಲ್ಲಿ, ದುಂಡನೆ ಹೇಲೋಗೆ ಈ ಗಡಿ 10ರ ಆಸುಪಾಸು ಬಂತು. ನಿಮ್ಮ ಬಾಕ್ಸಿನಲ್ಲಿ ಗುರುತ್ವ ಇದ್ದು, ಅನುಪಾತ 50 ಇದ್ದು, ತಣ್ಣನೆ ಅನಿಲ ಹುಟ್ಟಲೇ ಇಲ್ಲ ಅಂದರೆ ಅದು ದೋಷವಲ್ಲ.

ತಣ್ಣನೆ ಅನಿಲ ಫ್ಲೋರಿನಿಂದಲೂ ಹುಟ್ಟಬಹುದು. ಸಾಂದ್ರತೆ ತೀರಾ ಕೆಳಗಿಳಿದ ಸೆಲ್‌ಗೆ ಕೋಡ್ ಒಂದು ಕನಿಷ್ಠ ಬೆಲೆ ಹಾಕುತ್ತದಲ್ಲ, ಪ್ರತಿ ಸಲ ಹಾಗೆ ಮಾಡಿದಾಗಲೂ ಇಲ್ಲದ ದ್ರವ್ಯ ಬಾಕ್ಸಿಗೆ ಸೇರುತ್ತದೆ. ಚಿಕ್ಕಮಗಳೂರಿನಿಂದ ಒಬ್ಬ ವಿದ್ಯಾರ್ಥಿನಿ ಹಿಸ್ಟರಿ ಫೈಲ್ (ಬಾಕ್ಸಿನ ಒಟ್ಟು ಲೆಕ್ಕಗಳನ್ನು ಕಾಲದೊಂದಿಗೆ ಬರೆಯುವ ಫೈಲ್) ಕಳಿಸಿದ್ದಳು. ಎಲ್ಲ ಬದಿಗಳೂ ಪೀರಿಯಾಡಿಕ್, ಅಂದರೆ ಒಂದು ಬದಿಯಿಂದ ಹೊರಟದ್ದು ಎದುರು ಬದಿಯಿಂದ ಒಳಗೆ ಬರುತ್ತದೆ, ಹಾಗಾಗಿ ಒಟ್ಟು ದ್ರವ್ಯರಾಶಿಯ ಕಾಲಂ ಅಲ್ಲಾಡಲೇಬಾರದು. ಮೇಲಿನ ಸಾಲುಗಳಲ್ಲಿ ಅದು 1ರ ನಂತರ ಬರೀ ಸೊನ್ನೆಗಳಾಗಿಯೇ ಇತ್ತು. ಕೆಳಗೆ ಹೋಗುತ್ತಾ ಮೂರನೇ ದಶಮಾಂಶ ಏರತೊಡಗಿತ್ತು, ಒಮ್ಮೆಯೂ ಇಳಿದಿರಲಿಲ್ಲ. ಏರಿಕೆ ಶುರುವಾದ ಹೊತ್ತಿನ ಸ್ಲೈಸ್ ತೆಗೆದು ನೋಡಿದರೆ ಮೋಡದ ಹಿಂಬದಿಯ ಟೊಳ್ಳಿನಲ್ಲಿ ಒಂದಷ್ಟು ಸೆಲ್‌ಗಳು ಒಂದೇ ಸಾಂದ್ರತೆಯಲ್ಲಿ ನಿಂತಿದ್ದವು, ಸರಿಯಾಗಿ ಫ್ಲೋರ್ ಬೆಲೆಯಲ್ಲಿ. ಫ್ಲೋರನ್ನು ಬಿಸಿ ಅನಿಲದ ಸಾಂದ್ರತೆಯ ಹತ್ತನೇ ಒಂದಕ್ಕೆ ಇಟ್ಟಿದ್ದರು. ಇನ್ನೂ ಸಾವಿರ ಪಟ್ಟು ಕೆಳಗಿಳಿಸಿದ ಮೇಲೆ ಕಾಲಂ ನೆಟ್ಟಗೆ ನಿಂತಿತು.

ಇದರಿಂದ ಒಂದು ಅಭ್ಯಾಸ ಮಾಡಿಕೊಳ್ಳಿ: ಪ್ರತಿ ಹೆಜ್ಜೆಯಲ್ಲೂ ಎಷ್ಟು ಸೆಲ್‌ಗೆ ಫ್ಲೋರ್ ಬಡಿಯಿತು, ಎಷ್ಟು ದ್ರವ್ಯ ಸೇರಿತು, ಎಷ್ಟು ಶಕ್ತಿ ಸೇರಿತು ಅಂತ ಹಿಸ್ಟರಿಗೆ ಮೂರು ಕಾಲಂ ಸೇರಿಸಿ. ಹತ್ತು ಸಾಲಿನ ಕೋಡ್, ಅಷ್ಟೇ.

ಟೈಮ್‌ಸ್ಟೆಪ್ ಕುಸಿದರೆ

ರಾತ್ರಿ ಓಡಿಸಿ ಬೆಳಿಗ್ಗೆ ಬಂದು ನೋಡಿದರೆ ರನ್ ನಿಂತಿಲ್ಲ, ಮುಂದೆಯೂ ಹೋಗಿಲ್ಲ. ಡಿಟಿ, ಅಂದರೆ ಒಂದು ಹೆಜ್ಜೆಯ ಕಾಲ, ಮಾತ್ರ ನೂರಾರು ಪಟ್ಟು ಕುಗ್ಗಿದೆ. ಇದಕ್ಕೂ ಮೊದಲು ಕೈಲೆಕ್ಕ. ಕೂರಾಂಟ್, ಫ್ರೀಡ್ರಿಕ್ಸ್, ಲೂವಿ 1928ರಲ್ಲಿ ಹೇಳಿದ ಷರತ್ತಿನಂತೆ ಒಂದು ಹೆಜ್ಜೆಯಲ್ಲಿ ಅಲೆ ಒಂದು ಸೆಲ್ ದಾಟಬಾರದು. 12.5 ಪಾರ್ಸೆಕ್ ಸೆಲ್, ಅನಿಲದ ವೇಗ 75, ಶಬ್ದದ ವೇಗ 150, ಸುರಕ್ಷೆಗೆ 0.3 ಗುಣಿಸಿದರೆ ಸುಮಾರು 16 ಸಾವಿರ ವರ್ಷ. ನಿಮ್ಮ ಲಾಗ್‌ನಲ್ಲಿ 100 ವರ್ಷ ಇದ್ದರೆ ಎಲ್ಲೋ ಒಂದು ಸೆಲ್ ಕೆಟ್ಟಿದೆ. ಆ ಸೆಲ್ ಯಾವುದು, ಅದರ ಸಾಂದ್ರತೆ, ಉಷ್ಣತೆ, ವೇಗ ಎಷ್ಟು ಅಂತ ಪ್ರಿಂಟ್ ಮಾಡಿಸಿ. ಬೇರೆ ಏನನ್ನೂ ಬದಲಿಸುವ ಮೊದಲು ಇದನ್ನು ಮಾಡಿ.

ಆ ಸೆಲ್ ತೆಳ್ಳಗಿದ್ದು ಉಷ್ಣತೆ ವಿಪರೀತ ಏರಿದ್ದರೆ ಹೀಟಿಂಗೇ ಕಾರಣ. ಗಾತ್ರಕ್ಕೆ ತಕ್ಕಂತೆ ಕೊಟ್ಟ ಶಾಖ ಟೊಳ್ಳು ಜಾಗಗಳಲ್ಲಿ ಹೆಚ್ಚಾಗುತ್ತಾ ಹೋಗುತ್ತದೆ, ಅಲ್ಲಿ ಕೂಲಿಂಗ್ ಇಲ್ಲ. ಉಷ್ಣತೆಗೆ ಒಂದು ಮೇಲ್ಮಿತಿ ಇಡಿ, ಎಷ್ಟು ಶಕ್ತಿ ಕಿತ್ತುಹಾಕಿದಿರಿ ಅಂತ ಲೆಕ್ಕವನ್ನೂ ಇಡಿ. ಸೆಲ್ ದಟ್ಟವಾಗಿದ್ದು 10 ಸಾವಿರಕ್ಕಿಂತ ಎಷ್ಟೋ ಕೆಳಗಿದ್ದರೆ ಕೂಲಿಂಗ್ ಕರ್ವ್ ಕೆಳತುದಿಯಲ್ಲಿ ನಿಂತಿಲ್ಲ, ಟೇಬಲ್ ಮುಗಿದ ಮೇಲೂ ಕೋಡ್ ತಾನೇ ಗೆರೆ ಮುಂದುವರಿಸುತ್ತಿದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕೋಡ್ ಇಟ್ಟುಕೊಳ್ಳುವುದು ಒಟ್ಟು ಶಕ್ತಿ. ಉಷ್ಣತೆ ಬೇಕಾದಾಗ ಅದರಿಂದ ಚಲನೆಯ ಶಕ್ತಿಯನ್ನು ಕಳೆಯುತ್ತದೆ. 10 ಸಾವಿರ ಕೆಲ್ವಿನ್‌ನಲ್ಲಿ ಶಬ್ದದ ವೇಗ ಬರೀ 15, ಮೋಡ ಬಾಕ್ಸಿನಲ್ಲಿ ಸೆಕೆಂಡಿಗೆ 300 ಕಿಲೋಮೀಟರ್ ಓಡುತ್ತಿದ್ದರೆ ಮಾಕ್ 20. ಆಗ ಚಲನೆಯ ಶಕ್ತಿ ಉಷ್ಣಶಕ್ತಿಯ 220 ಪಟ್ಟು. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಪುಟ್ಟ ಸಂಖ್ಯೆ ತೆಗೆಯುವಾಗ ಅರ್ಧ ಪರ್ಸೆಂಟ್ ತಪ್ಪಿದರೂ ಒತ್ತಡ ನೆಗೆಟಿವ್. ಕೋಡ್ ಅಲ್ಲಿಗೆ ಫ್ಲೋರ್ ಹಾಕುತ್ತದೆ, ನಿಮ್ಮ ತಣ್ಣನೆ ಅನಿಲದ ಉಷ್ಣತೆ ನಿಜವಾದದ್ದಲ್ಲ, ಫ್ಲೋರಿನದ್ದು. ಉಷ್ಣಶಕ್ತಿಯನ್ನು ಬೇರೆಯಾಗಿಯೂ ಇಟ್ಟುಕೊಳ್ಳುವ ಡ್ಯುಯಲ್ ಎನರ್ಜಿ ಆಯ್ಕೆ ಇದ್ದರೆ ಹಾಕಿ. ನನಗೆ ಇನ್ನೂ ಹಿಡಿಸುವುದು ಮೋಡದ ಜೊತೆಯೇ ಬಾಕ್ಸನ್ನು ಓಡಿಸುವ ಉಪಾಯ: ಪ್ರತಿ ಹೆಜ್ಜೆಯಲ್ಲೂ ತಣ್ಣನೆ ಅನಿಲದ ಸರಾಸರಿ ವೇಗವನ್ನು ಎಲ್ಲದರಿಂದ ಕಳೆದುಬಿಡಿ. ಮೋಡವೂ ಬಾಕ್ಸಿನ ಹೊರಗೆ ಹೋಗುವುದಿಲ್ಲ, ಈ ಕಳೆಯುವ ತೊಂದರೆಯೂ ಇಳಿಯುತ್ತದೆ.

ಕರೆಂಟ್ ಹೋದ ಮೇಲೆ

ನಮ್ಮ ಕಡೆ ಇದನ್ನು ಬಿಟ್ಟು ಮಾತಾಡುವಂತಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿಯಿತು ಅಂದರೆ ಲೈನ್ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ, ಯುಪಿಎಸ್ ಎಷ್ಟು ಹೊತ್ತು ತಡೆದೀತು. ರೀಸ್ಟಾರ್ಟ್ ಫೈಲ್ ಇದೆ ಅಂತ ಧೈರ್ಯವಾಗಿರುತ್ತೇವೆ. ಆದರೆ ಡ್ರೈವ್ ಮಾಡಿದ ಟರ್ಬ್ಯುಲೆನ್ಸ್‌ನಲ್ಲಿ ರೀಸ್ಟಾರ್ಟ್ ಬರೀ ಸಾಂದ್ರತೆ, ವೇಗ, ಶಕ್ತಿಯನ್ನು ಉಳಿಸಿದರೆ ಸಾಲದು. ಕಲಕುವ ಬಲ ಪ್ರತಿ ಕ್ಷಣ ಹೊಸದಾಗಿ ಹುಟ್ಟುವುದಲ್ಲ. ಆರ್ನ್‌ಸ್ಟೈನ್–ಊಲೆನ್‌ಬೆಕ್ ಪ್ರಕ್ರಿಯೆಯಲ್ಲಿ ಈಗಿನ ಬಲಕ್ಕೆ ಹಿಂದಿನ ಬಲದ ನೆನಪು ಇರುತ್ತದೆ. ಆ ನೆನಪು, ಜೊತೆಗೆ ರ‍್ಯಾಂಡಮ್ ಸಂಖ್ಯೆಗಳ ಸ್ಥಿತಿ, ಎರಡೂ ಫೈಲಿಗೆ ಹೋಗಬೇಕು. ಹೋಗದಿದ್ದರೆ ಪ್ರತಿ ರೀಸ್ಟಾರ್ಟ್‌ನಲ್ಲೂ ಬಲದ ದಿಕ್ಕುಗಳು ಒಮ್ಮೆಲೇ ಬದಲಾಗುತ್ತವೆ. ಚಲನೆಯ ಶಕ್ತಿಯ ಗೆರೆಯಲ್ಲಿ ಅಲ್ಲಲ್ಲಿ ಸಣ್ಣ ಮುರುಕು ಕಾಣುತ್ತದೆ: ಹೊಸ ಬಲ ಹಳೆಯ ಚಲನೆಗೆ ಎದುರಾಗಿ ವೇಗ ಇಳಿದು, ಮತ್ತೆ ಏರುತ್ತದೆ. ಶಾಖಕ್ಕೆ ವೇಗದ ಘನ ಬರುತ್ತದೆ ಎಂದೆನಲ್ಲ, ಹಾಗಾಗಿ ಆ ಸಣ್ಣ ಇಳಿತದಲ್ಲೇ ಒಂದಷ್ಟು ಅನಿಲ ಜಾರಿ ತಣ್ಣಗಾಗಿಬಿಡುತ್ತದೆ. ತಣ್ಣನೆ ಅನಿಲ ಏರಿದ ಹೊತ್ತುಗಳನ್ನು ರೀಸ್ಟಾರ್ಟ್ ಹೊತ್ತುಗಳ ಪಕ್ಕ ಬರೆದು ನೋಡಿ. ಎರಡೂ ಕೂಡಿ ಬಂದರೆ ದೋಷ ಸಿಕ್ಕಿತು.

ಖಾತ್ರಿ ಮಾಡಿಕೊಳ್ಳಲು ಸಣ್ಣ ಗ್ರಿಡ್‌ನಲ್ಲಿ ಒಂದು ರನ್ ಪೂರ್ತಿ ಓಡಿಸಿ, ಅದನ್ನೇ ಇನ್ನೊಮ್ಮೆ ಅರ್ಧದಲ್ಲಿ ನಿಲ್ಲಿಸಿ ರೀಸ್ಟಾರ್ಟ್ ಮಾಡಿ, ಕೊನೆಯ ಎರಡು ಫೈಲ್ ಕಳೆಯಿರಿ. ಸೊನ್ನೆ ಬರಬೇಕು. ಇನ್ನೊಂದು: ರೀಸ್ಟಾರ್ಟ್ ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅರ್ಧ ಫೈಲ್ ಉಳಿಯುತ್ತದೆ. ಕೊನೆಯ ಎರಡನ್ನು ಯಾವಾಗಲೂ ಇಟ್ಟುಕೊಳ್ಳಿ, ಬೇರೆ ಹೆಸರಿನಲ್ಲಿ ಬರೆದು ಮುಗಿದ ಮೇಲೆ ಹೆಸರು ಬದಲಿಸುವಂತೆ ಸ್ಕ್ರಿಪ್ಟ್ ಮಾಡಿ.

ಡ್ರೈವಿಂಗ್ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಪ್ರತಿ ಹೆಜ್ಜೆಯಲ್ಲೂ ಬಲದ ಸರಾಸರಿಯನ್ನು ಕಳೆಯದಿದ್ದರೆ ಇಡೀ ಬಾಕ್ಸ್ ಒಂದು ಕಡೆಗೆ ಮೆಲ್ಲಗೆ ಹರಿಯತೊಡಗುತ್ತದೆ. ಹಿಸ್ಟರಿಯ ಸಂವೇಗದ ಮೂರು ಕಾಲಂ ಸೊನ್ನೆಯ ಹತ್ತಿರ ಇವೆಯೇ ನೋಡಿ. ಸಾಂದ್ರತೆ ಎಲ್ಲ ಕಡೆ ಒಂದೇ ಇಲ್ಲದ್ದರಿಂದ, ಬಲದ ಸರಾಸರಿಯನ್ನು ದ್ರವ್ಯರಾಶಿಯ ತೂಕ ಕೊಟ್ಟೇ ತೆಗೆಯಬೇಕು.

ಎಷ್ಟು ನಂಬಬೇಕು

ಗ್ರಿಡ್ ಎರಡು ಪಟ್ಟು ಮಾಡಿದರೆ ಉತ್ತರ ಬದಲಾಯಿತು, ಏನು ಮಾಡಲಿ? ಯಾವ ಉತ್ತರ ಅಂತ ಕೇಳಿಕೊಳ್ಳಿ. ತಣ್ಣನೆ ಅನಿಲ ತನ್ನಷ್ಟಕ್ಕೆ ಒಡೆದು ತಲುಪುವ ಅಳತೆ, ಸಾಂದ್ರತೆ 1 ಇದ್ದರೆ 0.1 ಪಾರ್ಸೆಕ್ ಅಂತ 2018ರಲ್ಲಿ ಮೆಕ್‌ಕೋರ್ಟ್ ಮತ್ತು ಸಂಗಡಿಗರು ತೋರಿಸಿದರು. ನಮ್ಮ 0.1 ಸಾಂದ್ರತೆಗೆ ಅದು 1 ಪಾರ್ಸೆಕ್. 12.5 ಪಾರ್ಸೆಕ್ ಸೆಲ್ಲಿನಲ್ಲಿ ಅದನ್ನು ನೋಡಲು ಸಾಧ್ಯವೇ ಇಲ್ಲ. ಆದ್ದರಿಂದ ತುಣುಕುಗಳ ಸಂಖ್ಯೆ, ಅತಿ ಸಣ್ಣ ತುಣುಕಿನ ಗಾತ್ರ ಇವು ಗ್ರಿಡ್ ಜೊತೆ ಬದಲಾಗುತ್ತಲೇ ಇರುತ್ತವೆ, ಅವನ್ನು ಫಲಿತಾಂಶ ಅಂತ ಬರೆಯಬೇಡಿ. ಒಟ್ಟು ತಣ್ಣನೆ ದ್ರವ್ಯರಾಶಿ ಹಾಗಲ್ಲ, ದೊಡ್ಡ ಸುಳಿಗಳು ಎಷ್ಟು ಬೇಗ ಬೆರೆಸುತ್ತವೆ ಎಂಬುದರ ಮೇಲೆ ನಿಂತಿರುವುದರಿಂದ ಬೇಗ ನೆಲೆಗೆ ನಿಲ್ಲುತ್ತದೆ. ಅದೂ ನಿಲ್ಲದೆ ಹಾರಾಡುತ್ತಿದ್ದರೆ ದೋಷ ಇನ್ನೂ ಇದೆ.

128ರಿಂದ 256ಕ್ಕೆ ಹೋದರೆ ಸೆಲ್‌ಗಳು 21 ಲಕ್ಷದಿಂದ 1.68 ಕೋಟಿ ಆಗುತ್ತವೆ, ಹೆಜ್ಜೆಗಳೂ ಇಮ್ಮಡಿ, ಕೆಲಸ 16 ಪಟ್ಟು. ಕಾಲೇಜಿನ ಡೆಸ್ಕ್‌ಟಾಪಿನಲ್ಲಿ ಅಷ್ಟು ಆಗದಿದ್ದರೆ ಕೆಳಗಿಳಿದು 64ರಲ್ಲಿ ಓಡಿಸಿ ಹೋಲಿಸಿ. ಅದಕ್ಕೆ ಹೆಚ್ಚು ಹೊತ್ತೂ ಹಿಡಿಯುವುದಿಲ್ಲ, ಎಷ್ಟೋ ಸಲ ಅಷ್ಟರಲ್ಲೇ ವಿಷಯ ಗೊತ್ತಾಗುತ್ತದೆ.

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಯಾರನ್ನಾದರೂ ಕೇಳಿ, ಖಂಡಿತ ಕೇಳಿ. ಕೇಳುವಾಗ ಇನ್‌ಪುಟ್ ಫೈಲ್, ಹಿಸ್ಟರಿ ಫೈಲ್, ಲಾಗ್‌ನ ಕೊನೆಯ ನೂರು ಸಾಲು, ಸುಮ್ನೆ ತಣಿಯಲು ಬಿಟ್ಟ ಪರೀಕ್ಷೆಯ ಗೆರೆ ಮತ್ತು ನಿಮ್ಮ ಕೈಲೆಕ್ಕದ ಹಾಳೆ, ಇಷ್ಟನ್ನು ಜೊತೆಗೆ ಕಳಿಸಿ. ಸ್ಕ್ರೀನಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿ, ಅದರಲ್ಲಿ ಏಳನೇ ದಶಮಾಂಶ ಓದಲು ಬರುವುದಿಲ್ಲ.